ಹೊಸದರ ಬದಲು ಹಳೆಯ ಪಿಯಾನೊ: ವರ್ಷಗಟ್ಟಲೆ ನುಡಿಸಿದ ಮೇಲೆ

ನನ್ನದು 1920ರ ದಶಕದ ಜರ್ಮನ್ ಅಪ್‌ರೈಟ್, ಅಂದರೆ ತಂತಿಗಳು ನೆಟ್ಟಗೆ ನಿಲ್ಲುವ ಪಿಯಾನೊ. ಎರಕದ ಕಬ್ಬಿಣದ ಪೂರ್ಣ ಚೌಕಟ್ಟು, ಒಂದರ ಮೇಲೊಂದು ಓರೆಯಾಗಿ ಹಾಯುವ ತಂತಿಗಳು, 85 ಕೀಗಳು (ಈಗಿನವುಗಳಲ್ಲಿ 88). ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅದೇ ಹೆಸರಿನ, ಅದೇ ವರ್ಷದ ಇನ್ನೊಂದು ಪಿಯಾನೊ ಬಿಸಿಲು ಬೀಳುವ ಗೋಡೆಗೆ ಒರಗಿ ಕಾಲ ಕಳೆದಿದ್ದರೆ ಅದು ಬೇರೆಯೇ ವಾದ್ಯವಾಗಿರುತ್ತದೆ. ಹೊಸದನ್ನು ಮಾಡೆಲ್ ನೋಡಿ ಕೊಳ್ಳಬಹುದು. ಹಳೆಯದರಲ್ಲಿ ಎದುರಿಗಿರುವ ಆ ಒಂದನ್ನೇ ಬಿಚ್ಚಿ ನೋಡಬೇಕು.

ಮೊದಲು ನೋಡಬೇಕಾದದ್ದು ಪಾಲಿಶ್ ಅಲ್ಲ, ತಂತಿ ಸುತ್ತಿ ಬಿಗಿಯುವ ಬಿರಡೆಗಳು. ಪಿಯಾನೊದೊಳಗೆ ಸುಮಾರು 220-230 ತಂತಿಗಳಿರುತ್ತವೆ, ಎಲ್ಲ ಸೇರಿದರೆ ಎಳೆತ 15 ಟನ್ನಿಗೂ ಮೇಲೆ. ಅಷ್ಟು ಎಳೆತಕ್ಕೆ ಜಗ್ಗದೆ ನಿಲ್ಲಬೇಕಾದವು ಮರದ ದಿಮ್ಮಿಯೊಳಗೆ ಬಿಗಿದು ಕೂತ ಉಕ್ಕಿನ ಬಿರಡೆಗಳು. ದಿಮ್ಮಿ ಒಣಗಿ ಬಿರುಕು ಬಿಟ್ಟರೆ ಬಿರಡೆ ಸಡಿಲವಾಗುತ್ತದೆ, ಇವತ್ತು ಕೂರಿಸಿದ ಶ್ರುತಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಒಂದೆರಡು ಸಡಿಲವಿದ್ದರೆ ತುಸು ದಪ್ಪನೆಯ ಬಿರಡೆ ಹಾಕುತ್ತಾರೆ. ದಿಮ್ಮಿಯೇ ಹೋಗಿದ್ದರೆ ತಂತಿಗಳನ್ನೆಲ್ಲ ಬಿಚ್ಚಬೇಕು. ಸಾಧಾರಣ ಅಪ್‌ರೈಟ್‌ಗೆ ಅಷ್ಟು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಕೊಳ್ಳುವ ಮೊದಲು ನಾನು ಕರೆದುಕೊಂಡು ಹೋದ ಟ್ಯೂನರ್ (ಶ್ರುತಿ ಮಾಡುವವರು) ಒಂದು ಸ್ವರವನ್ನೂ ನುಡಿಸಲಿಲ್ಲ. ಮುಂದಿನ ಹಲಗೆ ತೆಗೆದು, ಅಲ್ಲಲ್ಲಿ ಬಿರಡೆಗಳನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿದರು. ಬಿಗಿ ಇತ್ತು. ಬೆಲೆಯ ಮಾತು ಆಮೇಲೆ.

ಹಿಂಬದಿಯ ಸೌಂಡ್‌ಬೋರ್ಡಿನಲ್ಲಿ, ಅಂದರೆ ನಾದ ಹೊಮ್ಮಿಸುವ ಹಲಗೆಯಲ್ಲಿ, ಉದ್ದನೆಯ ಸೀಳು ಕಂಡು ನನಗೆ ಗಾಬರಿ. "ಸೀಳಿದ್ದರೆ ಸೀಳಿರಲಿ ಬಿಡಿ, ಜಿರ್ ಅನ್ನಬಾರದು ಅಷ್ಟೆ" ಅಂದರು ಅವರು. ಸ್ಪ್ರೂಸ್ ಮರದ ಈ ಹಲಗೆ ಸೀಳಿದರೂ ಅದರ ಬೆನ್ನಿನ ಅಡ್ಡಪಟ್ಟಿಗಳ ಅಂಟು ಬಿಡದಿದ್ದರೆ ನಾದಕ್ಕೆ ಏನೂ ಆಗುವುದಿಲ್ಲ. ನನ್ನದರಲ್ಲಿ ಆ ಸೀಳು ಇವತ್ತಿಗೂ ಹಾಗೇ ಇದೆ, ಸದ್ದಿಲ್ಲ. ತಂತಿಗಳ ಕಂಪನವನ್ನು ಹಲಗೆಗೆ ದಾಟಿಸುವ ಮರದ ಕುದುರೆ ಬಿರಿದಿದ್ದರೆ ಮಾತ್ರ ಹುಷಾರಾಗಿರಬೇಕು. ಅದರ ಮೇಲಿನ ಸಣ್ಣ ಮೊಳೆಗಳು ಅಲುಗಿದರೆ ತಂತಿಗಳನ್ನು ಒಂದೇ ಸ್ವರಕ್ಕೆ ಕೂರಿಸುವುದೇ ಆಗದು.

ಶ್ರುತಿ ಸುಮಾರು ಅರ್ಧ ಸ್ವರ ಕೆಳಗಿತ್ತು. ಹಳೆಯವುಗಳಲ್ಲಿ ಇದು ಮಾಮೂಲು. ಒಮ್ಮೆಲೇ ಇಂದಿನ ರೂಢಿಯ ಶ್ರುತಿಯಾದ 440 ಹರ್ಟ್ಸ್‌ಗೆ ಎಳೆದರೆ ತುಕ್ಕು ಹಿಡಿದ ತಂತಿ ಕಡಿಯಬಹುದು, ಎಳೆದದ್ದೂ ನಿಲ್ಲುವುದಿಲ್ಲ. ಹಂತಹಂತವಾಗಿ ಏರಿಸಿದೆವು, ನಡುವೆ ಬಿಡುವು ಕೊಟ್ಟೆವು. ಒಬ್ಬರೇ ನುಡಿಸುವವರು ಕೆಳಗೇ ಇಟ್ಟುಕೊಂಡರೂ ನಡೆಯುತ್ತದೆ. ಕೊಳಲೋ ಪಿಟೀಲೋ ಜೊತೆಗಿದ್ದರೆ ಏರಿಸಲೇಬೇಕು.

ಇನ್ನು ನಾದ. ಇದಕ್ಕಾಗಿಯೇ ನಾನು ಹೊಸದನ್ನು ಬಿಟ್ಟದ್ದು. ನನ್ನ ಕೈಗೆಟಕುವ ಹೊಸ ಅಪ್‌ರೈಟ್‌ಗಳೆಲ್ಲ ಗಿಡ್ಡ. ನನ್ನದು ಸುಮಾರು 130 ಸೆಂ.ಮೀ. ಎತ್ತರ, ಹಾಗಾಗಿ ಮಂದ್ರದ ತಂತಿ ಉದ್ದ. ಗಿಡ್ಡ ಪಿಯಾನೊದಲ್ಲಿ ಅದೇ ಸ್ವರ ತೆಗೆಯಲು ತಂತಿಯನ್ನು ಹೆಚ್ಚು ದಪ್ಪ ಮಾಡಬೇಕಾಗುತ್ತದೆ, ಬಿರುಸಾದ ತಂತಿಯ ಮೇಲುಸ್ವರಗಳು ಮೂಲಸ್ವರಕ್ಕೆ ಸರಿಯಾಗಿ ಹೊಂದುವುದಿಲ್ಲ. ಹೊಸ ಗಿಡ್ಡ ಪಿಯಾನೊಗಳ ಮಂದ್ರ ಎಷ್ಟೋ ಸಲ ಗೊಗ್ಗರಾಗಿ ಕೇಳಿಸುವುದು ಅದಕ್ಕೇ. ನನ್ನದರ ತಾರಸ್ಥಾಯಿ ಮಾತ್ರ ಮೊದಲು ತಗಡು ಬಡಿದಂತಿತ್ತು. ಕೀ ಒತ್ತಿದಾಗ ತಂತಿಗೆ ಬಡಿಯುವ ಹ್ಯಾಮರ್‌ಗಳ ಉಣ್ಣೆ ಒತ್ತಿ ಒತ್ತಿ ಗಟ್ಟಿಯಾಗಿ, ತಂತಿ ಬಡಿದ ಕಡೆ ಗೆರೆ ಬಿದ್ದಿತ್ತು. ಟ್ಯೂನರ್ ಅದನ್ನು ಉಜ್ಜಿ ಆಕಾರಕ್ಕೆ ತಂದು, ಸೂಜಿ ಚುಚ್ಚಿ ಸಡಿಲಿಸಿದರು. ಅದೊಂದು ಕೆಲಸದಲ್ಲಿ ಆದ ಬದಲಾವಣೆ ಇಷ್ಟು ವರ್ಷಗಳ ಬೇರೆಲ್ಲ ರಿಪೇರಿಗಿಂತ ದೊಡ್ಡದು. ಈಗ ಮಂದ್ರ, ಮಧ್ಯ, ತಾರ ಮೂರಕ್ಕೂ ಬೇರೆ ಬೇರೆ ದನಿ. ಕೆಲವರಿಗೆ ಇದು ಏರುಪೇರು ಅನ್ನಿಸುತ್ತದೆ. ನನಗೆ ಇದೇ ಬೇಕಿತ್ತು.

ತಾಪತ್ರಯಗಳೂ ಇವೆ. ಹ್ಯಾಮರ್ ಹಿಂದಕ್ಕೆ ಬರಲು ನೆರವಾಗುವ ಬಟ್ಟೆಯ ಪಟ್ಟಿಗಳು ಒಂದೊಂದಾಗಿ ಹರಿದವು, ಕೊನೆಗೆ ಎಲ್ಲವನ್ನೂ ಬದಲಾಯಿಸಿಬಿಟ್ಟೆ. ಕೀಗಳ ಕೆಳಗಿನ ಫೆಲ್ಟಿಗೆ (ಉಣ್ಣೆಯ ಮೆತ್ತೆಗೆ) ನುಸಿ ಹತ್ತಿತ್ತು. ಗಾಳಿಯಲ್ಲಿ ತೇವ ಏರಿದಾಗ ಕೆಲವು ಕೀಗಳು ಒತ್ತಿದಲ್ಲೇ ಕೂರುತ್ತಿದ್ದವು. ಕೋಣೆಯ ತೇವ ವರ್ಷವಿಡೀ ಹೆಚ್ಚುಕಡಿಮೆಯಾಗದಂತೆ ನೋಡಿಕೊಂಡ ಮೇಲೆ ಅದು ನಿಂತಿದೆ. ಮೇಲಿನ ಮೂರು ಕೀ ಇಲ್ಲದ್ದು ನನಗೆ ಎಂದೂ ಅಡ್ಡಿಯಾಗಿಲ್ಲ. ಒಂದೇ ಸ್ವರವನ್ನು ವೇಗವಾಗಿ ಮತ್ತೆ ಮತ್ತೆ ನುಡಿಸುವುದು ಕಷ್ಟ, ಆದರೆ ಅದು ಹಳೆಯದರ ದೋಷವಲ್ಲ. ಕೀ ಪೂರ್ತಿ ಮೇಲೇಳುವ ಮೊದಲೇ ಮತ್ತೆ ನುಡಿಸಬಲ್ಲ ವ್ಯವಸ್ಥೆಯನ್ನು ಪಿಯಾನೊ ತಯಾರಕ ಸೆಬಾಸ್ಟಿಯನ್ ಎರಾರ್ ರೂಪಿಸಿದರು, ಅದಕ್ಕೆ 1821ರಲ್ಲೇ ಪೇಟೆಂಟ್ ಆಯಿತು, ಆದರೆ ಅದು ತಂತಿಗಳು ಅಡ್ಡ ಮಲಗಿರುವ ಗ್ರ್ಯಾಂಡ್ ಪಿಯಾನೊಗಳಿಗೆ. ಇಂದಿನ ಸಾಮಾನ್ಯ ಅಪ್‌ರೈಟ್‌ಗಳಲ್ಲೂ ಅದಿಲ್ಲ.

ಕೀಗಳ ಮೇಲೆ ದಂತದ ಹೊದಿಕೆಯಿದ್ದರೆ, ದೇಶ ಬಿಟ್ಟು ಹೋಗುವ ಯೋಚನೆ ಇರುವವರು ಮೊದಲೇ ವಿಚಾರಿಸಬೇಕು. 1989ರಲ್ಲಿ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ದೇಶಗಳು ಆಫ್ರಿಕಾದ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಲು ನಿರ್ಧರಿಸಿದ ಮೇಲೆ, ಹಳೆಯ ಪಿಯಾನೊವನ್ನು ಗಡಿ ದಾಟಿಸಲೂ ಕಾಗದಪತ್ರ ಬೇಕಾಗಬಹುದು. ದಂತವನ್ನು ಗುರುತಿಸುವುದು ಸುಲಭ: ಮರದ ಎಳೆಯಂಥ ಸಣ್ಣ ಗೆರೆಗಳು, ಸಾಮಾನ್ಯವಾಗಿ ಎರಡು ತುಂಡು ಸೇರಿಸಿದ ತೆಳುವಾದ ಅಡ್ಡಗೀಟು.

ಹೊಸದಕ್ಕೆ ಖರ್ಚೇ ಇಲ್ಲ ಅನ್ನುವವರಿಗೆ ಒಂದು ಮಾತು: ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ, ಮೊದಲ ವರ್ಷ ಹಲವು ಸಲ ಶ್ರುತಿ ಮಾಡಿಸಬೇಕು. ನನ್ನದರ ತಂತಿ ಹಿಗ್ಗುವಷ್ಟು ಹಿಗ್ಗಿ ಮುಗಿದಿದೆ, ವರ್ಷಕ್ಕೆರಡು ಸಲ ಸಾಕು. ಆದರೆ ಕರೆದರೆ ಬರುವ, ಬರೀ ಶ್ರುತಿ ಮಾತ್ರವಲ್ಲ ಒಳಗಿನ ರಿಪೇರಿಯನ್ನೂ ಬಲ್ಲ ಟ್ಯೂನರ್ ಹತ್ತಿರದಲ್ಲಿಲ್ಲದಿದ್ದರೆ, ವಾರಂಟಿ ಇರುವ ಹೊಸದನ್ನೇ ಕೊಳ್ಳಿ. ರಾತ್ರಿ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡಬೇಕಾದವರಿಗೂ ಹಳೆಯದು ಬೇಡ.