ಸರ್ಕಾರಿ ಭಾಷಾ ಆ್ಯಪ್‌ಗಳು: ಫೋನಿನಲ್ಲಿ ಇರಲೇಬೇಕಾದ್ದು ಭಾರತವಾಣಿ, ಮಿಕ್ಕವು ಬೇಕಾದವರಿಗೆ

ಕೇಂದ್ರ ಸರ್ಕಾರ ಭಾಷೆಯ ಹೆಸರಿನಲ್ಲಿ ತಂದಿರುವ ಆ್ಯಪ್‌ಗಳಲ್ಲಿ ಬೆಂಗಳೂರಿನವರ ಕಣ್ಣಿಗೆ ಹೆಚ್ಚಾಗಿ ಬೀಳುವುದು ನಾಲ್ಕು. ಹಿಂದಿ ಕಲಿಸುವ ಲೀಲಾ, ಅನುವಾದ ಮಾಡುವ ಭಾಷಿಣಿ, ನಿಘಂಟುಗಳ ಭಾರತವಾಣಿ, ನೂರು ವಾಕ್ಯ ಕಲಿಸುವ ಭಾಷಾ ಸಂಗಮ. ನಾಲ್ಕೂ ಉಚಿತ. ಒಂದೊಂದರ ಹಿಂದೆಯೂ ಒಂದೊಂದು ಸರ್ಕಾರಿ ಉದ್ದೇಶವಿದೆ, ಅದನ್ನು ತಿಳಿದುಕೊಂಡರೆ ಯಾವುದರಿಂದ ಏನು ನಿರೀಕ್ಷಿಸಬಹುದು ಎಂಬುದು ಅರ್ಧ ಗೊತ್ತಾದಂತೆ.

ಲೀಲಾ ಹುಟ್ಟಿದ್ದು ಕಚೇರಿಗಾಗಿ. ಸಂವಿಧಾನದಲ್ಲಿ ರಾಷ್ಟ್ರಭಾಷೆ ಎಂಬ ಪಟ್ಟ ಯಾವ ಭಾಷೆಗೂ ಇಲ್ಲ. 343ನೇ ವಿಧಿಯ ಪ್ರಕಾರ ಹಿಂದಿ ಕೇಂದ್ರದ ಆಡಳಿತ ಭಾಷೆ, ಅದನ್ನು ಬೆಳೆಸುವ ಹೊಣೆಯನ್ನು 351ನೇ ವಿಧಿ ಕೇಂದ್ರಕ್ಕೆ ವಹಿಸಿದೆ. ಆ ಹೊಣೆಯ ಭಾಗವಾಗಿ ಕೇಂದ್ರ ನೌಕರರಿಗೆ ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಮೂರು ಹಂತದ ಪರೀಕ್ಷೆಗಳಿವೆ. ಲೀಲಾ ಅದೇ ಪಠ್ಯವನ್ನು ಕನ್ನಡದ ಮೂಲಕ ಕಲಿಸುತ್ತದೆ. ಕನ್ನಡ ಮಾತೃಭಾಷೆಯವರು ಪ್ರಬೋಧದಿಂದಲೇ ಶುರುಮಾಡಬೇಕು. ಕೋರಮಂಗಲದ ಕೇಂದ್ರೀಯ ಸದನದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ ಪರೀಕ್ಷೆ ಕಟ್ಟಬೇಕಾದವರಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲ. ನಿಗದಿತ ಪರೀಕ್ಷೆ ಪಾಸಾದವರಿಗೆ 12 ತಿಂಗಳ ಮಟ್ಟಿಗೆ ಒಂದು ಇನ್‌ಕ್ರಿಮೆಂಟಿನಷ್ಟು ವೈಯಕ್ತಿಕ ವೇತನ ಸಿಗುವುದರಿಂದ ಕಲಿತದ್ದಕ್ಕೆ ಕೈಗೆ ಏನಾದರೂ ದಕ್ಕುತ್ತದೆ. ಆದರೆ ಮನೆಗೆ ಬಂದ ಬಿಹಾರದ ಪೇಂಟರ್ ಜೊತೆ ಮಾತಾಡಲು ಲೀಲಾ ತೆರೆದು ಕೂತರೆ ರಜೆ ಅರ್ಜಿ, ಟಿಪ್ಪಣಿ, ಕಡತಗಳ ಹಿಂದಿಯೇ ಕೈಗೆ ಸಿಗುತ್ತದೆ. ಕನ್ನಡಿಗರು ಎಡವುವುದು ಲಿಂಗದಲ್ಲಿ. ನಮಗೆ ಜೀವವಿಲ್ಲದ ವಸ್ತುಗಳೆಲ್ಲ ನಪುಂಸಕ, ಹಿಂದಿಯಲ್ಲಿ ಅವಕ್ಕೂ ಗಂಡು ಹೆಣ್ಣು. ಒಂಟಿ ಪದ ಉರು ಹೊಡೆಯದೆ ವಿಶೇಷಣದ ಜೊತೆಗೇ ಕಲಿಯಬೇಕು: ಬಡಾ ಕಮರಾ, ಬಡೀ ಮೇಜ್.

ಭಾಷಾ ಸಂಗಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. 22 ಭಾಷೆಗಳಲ್ಲಿ ದಿನಬಳಕೆಯ ನೂರು ವಾಕ್ಯ. ಹೊರಗಿನಿಂದ ಬಂದವರಿಗೆ ಕನ್ನಡದ ಮೊದಲ ಮೆಟ್ಟಿಲಾಗಿ ಕೊಡಬಹುದು. ಎರಡನೇ ಮೆಟ್ಟಿಲು ಇಲ್ಲಿಲ್ಲ.

2022ರ ಜುಲೈನಲ್ಲಿ ಶುರುವಾದ ಭಾಷಿಣಿಯ ಕಥೆ ಬೇರೆ. ಇದರಲ್ಲಿ ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ: ಮಾತನ್ನು ಅಕ್ಷರಕ್ಕಿಳಿಸುವುದು, ಆ ಅಕ್ಷರವನ್ನು ಇನ್ನೊಂದು ಭಾಷೆಗೆ ತಿರುಗಿಸುವುದು, ತಿರುಗಿಸಿದ್ದನ್ನು ಓದಿ ಹೇಳುವುದು. ಮೊದಲ ಹಂತದಲ್ಲಿ ಒಂದು ಪದ ತಪ್ಪಿದರೆ ಮುಂದಿನ ಎರಡೂ ಹಂತ ಆ ತಪ್ಪನ್ನೇ ಶ್ರದ್ಧೆಯಿಂದ ಮುಂದುವರಿಸುತ್ತವೆ. ಹಾಗಾಗಿ ಮಾತಾಡಿದ ಮೇಲೆ ತೆರೆಯ ಮೇಲೆ ಮೂಡಿದ ಕನ್ನಡವನ್ನು ಮೊದಲು ಓದಿ, ಆಮೇಲೆ ಅನುವಾದ ನೋಡಿ. ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ ಇರಲಿ. ಕರ್ತೃಪದವನ್ನು ನುಂಗಬೇಡಿ. ‘ನಾಳೆ ಬರ್ತೀನಿ ಅಂದಿದ್ರು, ಬಂದಿಲ್ಲ’ ಎನ್ನುವಲ್ಲಿ ಯಾರು ಬರಬೇಕಿತ್ತು ಎಂಬುದು ನಮಗೆ ಸಂದರ್ಭದಿಂದ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅರ್ಧ ಇಂಗ್ಲಿಷ್ ಬೆರೆತ ಬೆಂಗಳೂರು ಕನ್ನಡ, ಅದರ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾರ್ನು, ಇವೆರಡೂ ಸೇರಿದರೆ ಟೈಪ್ ಮಾಡುವುದೇ ಮೇಲು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದಾಗ ನೀನು ನೀವುಗಳ ಗೌರವ ಅದಲುಬದಲಾಗಿದೆಯೇ ಎಂದು ನೋಡಿಕೊಳ್ಳದೆ ಯಾರಿಗೂ ಕಳಿಸಬೇಡಿ.

ಸರ್ಕಾರಿ ಆದೇಶವೊಂದನ್ನು ಅನುವಾದಿಸಲು ಹೊರಟವರು ಎಡವುವುದು ಇನ್ನೂ ಹಿಂದೆ. ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಟೈಪಾದ ಕಡತವನ್ನು ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಬರುತ್ತವೆ. ಆ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು, ಒಳಗಿರುವುದು ಕನ್ನಡವೇ ಅಲ್ಲ. ಮೊದಲು ಎಲ್ಲ ಯಂತ್ರಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ಪರಿಶೀಲಿಸಿ, ನಂತರ ಅನುವಾದಕ್ಕೆ ಕೊಡಬೇಕು. ಪಿಡಿಎಫ್‌ನಿಂದ ನಕಲು ಮಾಡಿದ ಕನ್ನಡದಲ್ಲೂ ಒತ್ತುಗಳು ಚದುರಿಹೋಗಿರುತ್ತವೆ. ಅನುವಾದ ಕೆಟ್ಟಿದೆ ಎಂದು ಬೈಯುವ ಮೊದಲು ಒಳಗೆ ಹೋಗಿದ್ದು ಸರಿಯಿತ್ತೇ ನೋಡಿ.

ಭಾಷಿಣಿಯ ಅಡಿಪಾಯ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳು. 1992ರಲ್ಲಿ ಪಟ್ಟಿ ಸೇರಿದ ಕೊಂಕಣಿ ಅದರಲ್ಲಿದೆ, ಆದರೆ ದೇವನಾಗರಿಯಲ್ಲಿ. ಕನ್ನಡ ಲಿಪಿಯಲ್ಲೇ ಕೊಂಕಣಿ ಓದಿ ಬೆಳೆದ ಮಂಗಳೂರು, ಕಾರವಾರ ಕಡೆಯವರಿಗೆ ಲಿಪಿ ಪರಿವರ್ತಿಸಿಕೊಳ್ಳುವ ಕೆಲಸ ಹೆಚ್ಚುವರಿ, ಜೊತೆಗೆ ಗೋವಾ ಕಡೆಯ ಪದಬಳಕೆ. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆ ಎಂದು ಬರೆಸಿದವರು 18,46,427 ಮಂದಿ, ಸಂಸ್ಕೃತವನ್ನು ಬರೆಸಿದವರು 24,821. ಎಂಟನೇ ಪರಿಚ್ಛೇದದಲ್ಲಿ ಇರುವುದು ಸಂಸ್ಕೃತ, ಇಲ್ಲದಿರುವುದು ತುಳು.

ಹಾಗಾದರೆ ಅಳಿವಿನಂಚಿನ ಭಾಷೆಗಳ ಯೋಜನೆಗೆ ತುಳು ಸೇರಬೇಕಲ್ಲ ಎನ್ನಬಹುದು. ಯುನೆಸ್ಕೋದ ಪಟ್ಟಿಯಲ್ಲಿ ತುಳುವೂ ಇದೆ, ಕೊಡವವೂ ಇದೆ. ಆದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮೂಲಕ 2013ರಲ್ಲಿ ಶುರುವಾದ ಕೇಂದ್ರದ ಯೋಜನೆ ನೋಡುವುದು ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗಳನ್ನು. ಅವುಗಳ ವ್ಯಾಕರಣ, ನಿಘಂಟು, ಜನಜೀವನದ ದಾಖಲೆ ಮಾಡುವುದು ಅದರ ಕೆಲಸ. ಜನಗಣತಿಯೂ ಹತ್ತು ಸಾವಿರದ ಕೆಳಗಿನ ನುಡಿಗಳನ್ನು ಹೆಸರಿಸದೆ ‘ಇತರೆ’ಯಲ್ಲಿ ಸೇರಿಸುವುದರಿಂದ ಆ ಯೋಜನೆಗೆ ಅರ್ಥವಿದೆ, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ನಡುವೆ ಬಿದ್ದುಹೋದವರ ಬಗ್ಗೆ. ಕೊಡವ ತಕ್ಕ್ ಆಡುವವರು 1,13,857: ಅಳಿವಿನಂಚಿನ ಭಾಷೆಗಳ ಯೋಜನೆಗೆ ಜಾಸ್ತಿಯಾಯಿತು, ಎಂಟನೇ ಪರಿಚ್ಛೇದದಲ್ಲೂ ಜಾಗವಿಲ್ಲ. ವಸಂತನಗರದ ಕೊಡವ ಸಮಾಜದ ಮದುವೆಯಲ್ಲಿ ಅಜ್ಜಿ ಕೊಡವದಲ್ಲಿ ಕೇಳಿದ್ದಕ್ಕೆ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುವಾಗ ಭಾಷಿಣಿಯಾಗಲಿ ಆ ಯೋಜನೆಯಾಗಲಿ ಅಲ್ಲಿ ನೆರವಿಗೆ ಬರುವುದಿಲ್ಲ.

ಭಾರತವಾಣಿಗೆ ಹೆಚ್ಚು ಅಂಕ ಕೊಡಲು ಕಾರಣ ಇದೇ. 2016ರ ಮೇ ತಿಂಗಳಲ್ಲಿ ಬಿಡುಗಡೆಯಾದ ಇದನ್ನು ನಡೆಸುವುದೂ ಮೈಸೂರಿನ ಅದೇ ಸಂಸ್ಥಾನ. ಇಟ್ಟುಕೊಂಡ ಗುರಿ 22 ಅಲ್ಲ, ಜನಗಣತಿ ಹೆಸರಿಸುವ 121 ಭಾಷೆಗಳು. ತುಳು, ಕೊಡವಗಳಿಗೆ ಹಕ್ಕಿನಿಂದ ಜಾಗವಿರುವ ಸರ್ಕಾರಿ ತಾಣ ಇದು. ವೆಬ್‌ಸೈಟಿನಲ್ಲಿ ಪಠ್ಯಪುಸ್ತಕ, ಶಬ್ದಕೋಶ, ಪರಿಭಾಷಾ ಕೋಶ, ಭಾಷಾ ಕಲಿಕೆ, ದೃಶ್ಯ ಶ್ರವ್ಯ ಸಾಮಗ್ರಿ ಎಂದು ವಿಭಾಗಗಳಿವೆ. ಆ್ಯಪ್ ಮುಖ್ಯವಾಗಿ ನಿಘಂಟು ಹುಡುಕಲು. ಪುಸ್ತಕ ಬೇಕಿದ್ದವರು ವೆಬ್‌ಸೈಟಿಗೇ ಹೋಗಿ.

ಮುಖ್ಯವಾಗಿ ತಿಳಿದಿರಬೇಕಾದ್ದು, ಇಲ್ಲಿ ಎರಡು ಬಗೆಯ ನಿಘಂಟುಗಳಿವೆ. ಕೆಲವನ್ನು ಅಕ್ಷರರೂಪಕ್ಕೆ ತಂದಿದ್ದಾರೆ, ಪದ ಕೊಟ್ಟರೆ ಅರ್ಥ ಬರುತ್ತದೆ. ಇನ್ನು ಕೆಲವು ಪುಟಗಳ ಚಿತ್ರವಷ್ಟೇ, ಹುಡುಕಾಟಕ್ಕೆ ಸಿಗುವುದಿಲ್ಲ. ಆದ್ದರಿಂದ ‘ಫಲಿತಾಂಶ ಇಲ್ಲ’ ಎಂದು ಬಂದರೆ ಪದವೇ ಇಲ್ಲವೆಂದು ತೀರ್ಮಾನಿಸಬೇಡಿ. ಆ ಭಾಷೆಯ ಶಬ್ದಕೋಶಗಳ ಪಟ್ಟಿ ತೆರೆದು, ಪಿಡಿಎಫ್ ಇಳಿಸಿಕೊಂಡು, ಅಕಾರಾದಿಯಲ್ಲಿ ಪುಟ ತಿರುವಬೇಕು. ಹಳೇ ಪದ್ಧತಿ, ಆದರೆ ಕೆಲಸ ಆಗುತ್ತದೆ.

ಹುಡುಕುವಾಗ ಪದವನ್ನು ನಿಘಂಟಿನಲ್ಲಿರುವ ರೂಪದಲ್ಲೇ ಕೊಡಬೇಕು. ‘ಮನೆಯಲ್ಲಿ’ ಬೇಡ, ‘ಮನೆ’ ಸಾಕು. ‘ಮಾಡಿದರು’ ಬೇಡ, ‘ಮಾಡು’. ತುಳುವಿನಲ್ಲಿ ಇನ್ನೂ ಎರಡು ತೊಡಕು. ಪದದ ಕೊನೆಯ ಅರೆ ಉಕಾರವನ್ನು ಕನ್ನಡ ಲಿಪಿಯಲ್ಲಿ ಒಬ್ಬರು ಅರ್ಧಾಕ್ಷರವಾಗಿ ಬರೆದರೆ ಇನ್ನೊಬ್ಬರು ಉಕಾರ ಕೊಟ್ಟು ಬರೆಯುತ್ತಾರೆ. ನೀರ್ ಎಂದು ಸಿಗದಿದ್ದರೆ ನೀರು ಎಂದು ಕೊಟ್ಟು ನೋಡಿ. ಎರಡನೆಯದಾಗಿ, ಪದದ ಮೊದಲಿನ ತಕಾರ ಕೆಲವು ಪ್ರದೇಶ, ಸಮುದಾಯಗಳ ಮಾತಿನಲ್ಲಿ ಸಕಾರ ಅಥವಾ ಹಕಾರವಾಗುತ್ತದೆ. ಮೂರನ್ನೂ ಪರೀಕ್ಷಿಸಬೇಕು. ಇಷ್ಟಾಗಿಯೂ ದಕ್ಕದ ಪದಕ್ಕೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟೇ ಗತಿ. ಅದರಲ್ಲಿ ಪ್ರಾದೇಶಿಕ ರೂಪಗಳನ್ನೆಲ್ಲ ಒಟ್ಟಿಗೆ ಕೊಟ್ಟಿದ್ದಾರೆ.

ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥವಷ್ಟೇ ಬೇಕಿದ್ದರೆ ಭಾರತವಾಣಿಯಲ್ಲಿ ತಡಕಾಡುವುದಕ್ಕಿಂತ ‘ಅಲರ್’ ಬೇಗ. ವಿ. ಕೃಷ್ಣ ಅವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ಕಟ್ಟಿದ, ಒಂದೂವರೆ ಲಕ್ಷಕ್ಕೂ ಮಿಕ್ಕಿ ಪದಗಳ ನಿಘಂಟು ಅದು. ಸರ್ಕಾರದ್ದಲ್ಲ, 2019ರಿಂದ ಮುಕ್ತವಾಗಿ ಸಿಗುತ್ತಿದೆ. ತುಳು ವಾಕ್ಯ ಅನುವಾದಕ್ಕೆ ಗೂಗಲ್ ಟ್ರಾನ್ಸ್‌ಲೇಟ್ 2024ರ ಜೂನ್‌ನಲ್ಲಿ ಬಾಗಿಲು ತೆರೆಯಿತು, ಅದೂ ಕನ್ನಡ ಲಿಪಿಯಲ್ಲಿ. ಸಣ್ಣ ವಾಕ್ಯಕ್ಕೆ ಪರವಾಗಿಲ್ಲ, ಗಾದೆಗೆ ಬೇಡ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡ್ 16.0ಕ್ಕೆ ಸೇರಿದೆ, ಆದರೆ ಫಾಂಟು, ಕೀಲಿಮಣೆ ಎಲ್ಲ ಫೋನುಗಳಿಗೂ ತಲುಪುವ ತನಕ ಆ ಲಿಪಿಯಲ್ಲಿ ಕಳಿಸಿದ ಸಂದೇಶ ಬಹಳ ಮಂದಿಗೆ ಖಾಲಿ ಚೌಕಗಳಾಗಿಯೇ ಕಾಣುತ್ತದೆ. ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಅನುವಾದ ಆ್ಯಪ್ ‘ಆದಿ ವಾಣಿ’ 2025ರ ಸೆಪ್ಟೆಂಬರ್‌ನಲ್ಲಿ ಪ್ರಾಯೋಗಿಕ (ಬೀಟಾ) ರೂಪದಲ್ಲಿ ಬಂದಾಗ ಅದರಲ್ಲಿದ್ದದ್ದು ಸಂತಾಲಿ, ಭಿಲಿ, ಮುಂಡಾರಿ, ಗೊಂಡಿ. ಕೊರಗ, ಸೋಲಿಗ, ಜೇನು ಕುರುಬರ ನುಡಿಗಳಿಗಾಗಿ ಸದ್ಯಕ್ಕೆ ಅದನ್ನು ಇಳಿಸಿಕೊಳ್ಳಬೇಕಿಲ್ಲ.

ಭಾಷಿಣಿಯ ಕನ್ನಡ ಸುಧಾರಿಸಲಿ ಎನ್ನುವವರಿಗೆ ಅದರದೇ ‘ಭಾಷಾದಾನ’ ತಾಣವಿದೆ. ಅದರ ಬೋಲೋ ಇಂಡಿಯಾದಲ್ಲಿ ತೆರೆಯ ಮೇಲಿನ ವಾಕ್ಯ ಓದಿ ದನಿ ಕೊಡುತ್ತೀರಿ, ಸುನೋ ಇಂಡಿಯಾದಲ್ಲಿ ಕೇಳಿದ್ದನ್ನು ಟೈಪ್ ಮಾಡುತ್ತೀರಿ. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ವಾಕ್ಯವನ್ನು ತಿದ್ದದೆ ಇದ್ದಂತೆಯೇ ಓದಿ. ಬರೆದದ್ದಕ್ಕೂ ಆಡಿದ್ದಕ್ಕೂ ತಾಳೆಯಾಗದ ದನಿ ಯಂತ್ರದ ತರಬೇತಿಗೆ ಉಪಯೋಗವಿಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನೊಂದಿಗೆ ನಡೆಸುತ್ತಿರುವ ‘ವಾಣಿ’ ಯೋಜನೆಯ ಕ್ರಮ ಬೇರೆ: ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿಸುತ್ತಾರೆ. ಅಲ್ಲಿ ದನಿ ಸಂಗ್ರಹಿಸುವುದು ಭಾಷಾಪಟ್ಟಿ ಹಿಡಿದು ಅಲ್ಲ, ಜಿಲ್ಲೆಗಳ ಲೆಕ್ಕದಲ್ಲಿ. ಹಾಗಾಗಿ ಪಟ್ಟಿಯಲ್ಲಿಲ್ಲದ ನುಡಿಗೂ ಒಳಗೆ ಬರಲು ಅಡ್ಡಿಯಿಲ್ಲ.