ದಾವಣಗೆರೆಯವರೇ, ಗುಂಡು ಹೊಡೆಸೋಕೆ ಲಕ್ಷುರಿ ಸಲೂನ್‌ಗೆ ಹೋಗಬೇಡಿ

ನಮ್ಮೂರಲ್ಲಿ ಈಗ ಎಲ್ಲಿ ನೋಡಿದರೂ ಲಕ್ಷುರಿ ಸಲೂನ್. ಗಾಜಿನ ಬಾಗಿಲು, ಎ.ಸಿ., ಹಿಂದಕ್ಕೆ ಮಲಗಿಸುವ ಕುರ್ಚಿ, ಹೋದ ಕೂಡಲೇ ಗ್ರೀನ್ ಟೀ. ಗಡ್ಡ ಟ್ರಿಮ್ ಮಾಡಿಸೋಕೆ, ಕಟಿಂಗ್‌ಗೆ ಹೋಗುವವರಿಗೆ ನಾನು ಬೇಡ ಅನ್ನುವುದಿಲ್ಲ. ಆದರೆ ಬ್ಲೇಡ್ ಹಾಕಿಸಿ ತಲೆ ಬೋಳಿಸಿಕೊಳ್ಳೋಕೆ ಅಲ್ಲಿಗೆ ಹೋಗಬೇಡಿ. ದುಡ್ಡೂ ಹೋಗುತ್ತೆ, ನೋವೂ ಬರುತ್ತೆ. ನನಗೆ ಆದದ್ದನ್ನು ಬಿಡಿಸಿ ಹೇಳುತ್ತೇನೆ.

ನನ್ನ ಮುಂದಲೆ ಕೂದಲು ಹೋಗಿ ವರ್ಷಗಳಾದವು. ಹಾಗಾಗಿ ಪೂರ್ತಿ ಬೋಳಿಸಿಕೊಂಡೇ ಇರುತ್ತೇನೆ. ನಿಟ್ಟುವಳ್ಳಿಯಲ್ಲಿ ಮನೆ ಹತ್ತಿರದ ಅಂಗಡಿಯಲ್ಲೇ ಯಾವಾಗಲೂ ಮಾಡಿಸುವುದು. ಅವತ್ತು ಮಂಗಳವಾರ. ಮಂಗಳವಾರ ನಮ್ಮ ಕಡೆ ಕಟಿಂಗ್ ಶಾಪ್ ಬಾಗಿಲು ತೆಗೆಯಲ್ಲ, ಗೊತ್ತಲ್ವಾ? ಮರುದಿನ ಹರಿಹರದಲ್ಲಿ ಸಂಬಂಧಿಕರ ಮದುವೆ. ವಾರಪೂರ್ತಿ ತೆರೆದಿರುವ ಒಂದು ದೊಡ್ಡ ಸಲೂನ್‌ಗೆ ಹೋದೆ. ಹೆಸರು ಬೇಡ. ಅವರಿವರ ಜೊತೆ ಮಾತಾಡಿದ ಮೇಲೆ, ಇದು ಒಂದೇ ಅಂಗಡಿಯ ಕಥೆ ಅಂತ ನನಗೆ ಅನ್ನಿಸುತ್ತಿಲ್ಲ.

ಬೋರ್ಡಿನಲ್ಲಿ ಹೆಡ್ ಶೇವ್‌ಗೆ 499 ರೂಪಾಯಿ ಅಂತ ಬರೆದಿತ್ತು. ಕೆಲಸಕ್ಕೆ ಬಂದ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಮಾತು, ಮರ್ಯಾದೆ ಎಲ್ಲ ಚೆನ್ನಾಗಿತ್ತು. ಟ್ರಿಮ್ಮರ್‌ನಲ್ಲಿ ಜೀರೋ ಹೊಡೆದ. ಬಿಸಿ ಟವೆಲ್ ಸುತ್ತಿದ. ಬಿಸಿ ಟವೆಲ್ ಒಳ್ಳೆಯದೇ. ನೀರು ಕುಡಿದ ಕೂದಲು ಮೆತ್ತಗಾಗಿ ಬ್ಲೇಡ್‌ಗೆ ಸಲೀಸಾಗಿ ಸಿಗುತ್ತದೆ. ಆದರೆ ಅದಕ್ಕೆ ಎರಡು ಮೂರು ನಿಮಿಷವಾದರೂ ಬೇಕು. ಇವನು ಟವೆಲ್ ಸುತ್ತಿ, ಅವರ ಪೇಜಿಗೆ ಹಾಕೋಕೆ ಒಂದು ಫೋಟೊ ತೆಗೆದು, ತಕ್ಷಣ ಎತ್ತಿಬಿಟ್ಟ.

ಟ್ರೇಯಲ್ಲಿದ್ದ ಕತ್ತಿಗೆ ಬ್ಲೇಡ್ ಆಗಲೇ ಸಿಕ್ಕಿಸಿತ್ತು. "ಬ್ಲೇಡ್ ಬದಲಾಯಿಸಪ್ಪಾ" ಅಂದೆ. "ಹೊಸದೇ ಸರ್, ಬೆಳಿಗ್ಗೆ ಹಾಕಿದ್ದು" ಅಂದ. ಆಗ ಸಂಜೆಯಾಗಿತ್ತು! ಕತ್ತಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಬ್ಲೇಡ್ ಕಚ್ಚಿಕೊಳ್ಳುವ ಸಂದಿಯಲ್ಲಿ ಒಣಗಿದ ನೊರೆ, ಆ ನೊರೆಯಲ್ಲಿ ಯಾರದೋ ಸಣ್ಣ ಕರಿ ಕೂದಲು. ನನ್ನದಂತೂ ಅಲ್ಲ, ನನಗೆ ಇನ್ನೂ ಬ್ಲೇಡೇ ತಾಗಿಸಿರಲಿಲ್ಲ. ಪಟ್ಟು ಹಿಡಿದ ಮೇಲೆ ಒಳಗೆ ಹೋಗಿ ಹೊಸ ಬ್ಲೇಡ್ ತಂದು ಹಾಕಿದ. ಕತ್ತಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒಂದು ಸಲ ಒರೆಸಿದ, ಅಷ್ಟೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ಭಯದ ವಿಷಯ ಇದೇ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲೂ, ಕನಿಷ್ಠ 7 ದಿನ ಜೀವಂತ ಇರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ತಲೆ ಬೋಳಿಸುವಾಗ ಸಣ್ಣಪುಟ್ಟ ಗಾಯ ಆಗದೇ ಇರುವುದು ಕಷ್ಟ. ಹಾಗಾಗಿ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಅದೇ ಬ್ಲೇಡ್ ಹೋದರೆ ಅದು ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಸ್ಪಿರಿಟ್‌ನಲ್ಲಿ ಒರೆಸಿದೆವು, ಡೆಟಾಲ್‌ನಲ್ಲಿ ಅದ್ದಿದೆವು ಅಂದರೆ ನಂಬಬೇಡಿ. ಹೊಸ ಬ್ಲೇಡಿಗೆ ಸುತ್ತಿರುವ ಕಾಗದ ನಿಮ್ಮ ಕಣ್ಣೆದುರೇ ಹರಿಯಬೇಕು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದ ದೊಡ್ಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಡಾಕ್ಟರ್ ಹತ್ತಿರ ಕೇಳಿ ಹಾಕಿಸಿಕೊಳ್ಳಿ.

ಬ್ಲೇಡ್ ಬದಲಾಯಿತು, ಆದರೆ ಕೈ ಬದಲಾಗಲಿಲ್ಲ. ಕೈಯಾಡಿಸಿ ತಲೆ ಹೇಗಿದೆ ಅಂತ ಅವನು ನೋಡಲೇ ಇಲ್ಲ. ಗಲ್ಲದ ಹಾಗಲ್ಲ ತಲೆ. ಹಿಂಬದಿ ಎಲುಬಿನ ಉಬ್ಬು, ಕಿವಿ ಹಿಂದಿನ ತಗ್ಗು, ಎಲ್ಲಾದರೂ ಒಂದು ಮಚ್ಚೆಯೋ ಗುಳ್ಳೆಯೋ. ಅದನ್ನೆಲ್ಲ ಬೆರಳು ಮೊದಲು ಹುಡುಕಬೇಕು. ನೆತ್ತಿಯ ಸುಳಿ ಹತ್ತಿರ ಕೂದಲು ಒಂದು ದಿಕ್ಕಿಗೆ ಬೆಳೆಯುವುದೇ ಇಲ್ಲ, ಸುತ್ತುತ್ತಾ ಹೋಗುತ್ತದೆ. ಇವನು ಹಣೆಯಿಂದ ಹಿಂದಕ್ಕೆ ಒಂದು ಸಲ, ಹಿಂದಿನಿಂದ ಮುಂದಕ್ಕೆ ಉಲ್ಟಾ ಎರಡು ಸಲ, ಚರ್ಮ ಗಟ್ಟಿಯಾಗಿ ಎಳೆದು ಹಿಡಿದು ಕೆರೆದ. "ಗ್ಲಾಸ್ ಫಿನಿಶ್ ಸರ್" ಅಂದ. ಸುಳಿ ಹತ್ತಿರ ಚುರ್ ಅಂದಿತು. ಟಿಶ್ಯೂ ಒತ್ತಿದ, ಕೆಂಪಾಯಿತು, ಇನ್ನೊಂದು ಒತ್ತಿದ.

ಅಲ್ಲಿಗೆ ಬಿಟ್ಟಿದ್ದರೂ ಇಷ್ಟು ಆಗುತ್ತಿರಲಿಲ್ಲ. "ಡೆಡ್ ಸ್ಕಿನ್ ಜಾಸ್ತಿ ಇದೆ ಸರ್" ಅಂತ ಹೇಳಿ, ಬೇಕಾ ಅಂತ ಕೇಳದೆ, ಕಪ್ಪು ಬಣ್ಣದ ಸ್ಕ್ರಬ್ ಹಾಕಿ ಉಜ್ಜಿದ. ಹರಳು ಹರಳಾಗಿರುವ ಸ್ಕ್ರಬ್! ಆಗಷ್ಟೇ ಬ್ಲೇಡ್ ಆಡಿದ ಚರ್ಮಕ್ಕೆ! ಉರಿ ಅಂದೆ. ಮೆಂಥಾಲ್ ಜೆಲ್ ಹಚ್ಚಿದ. ತಣ್ಣಗಾಯಿತು. ಮೆಂಥಾಲ್ ತಂಪು ಅನ್ನಿಸುತ್ತದೆ, ಗಾಯಕ್ಕೆ ಏನೂ ಮಾಡುವುದಿಲ್ಲ. ಅದರ ಮೇಲೆ ಒಂದು ಸೀರಂ. ಹಚ್ಚಿದರೆ ಕೂದಲು ದಟ್ಟವಾಗಿ ಬರುತ್ತದಂತೆ. ಬೋಳಿಸುವುದರಿಂದಲೂ ದಟ್ಟ ಆಗುತ್ತದೆ ಅಂತ ಬೇರೆ ಹೇಳಿದ. ಅದು ಸುಳ್ಳು. ಕೂದಲಿನ ಬೇರು ಚರ್ಮದ ಒಳಗಿರುತ್ತದೆ, ಮೇಲೆ ಬ್ಲೇಡ್ ಆಡಿಸಿದರೆ ಬೇರಿಗೆ ಏನೂ ಆಗುವುದಿಲ್ಲ. ತುದಿ ಮೊಂಡಾಗಿ ಕತ್ತರಿಸಿರುತ್ತದಲ್ಲ, ಅದಕ್ಕೆ ಒರಟು ಅನ್ನಿಸುತ್ತದೆ.

ಕೊನೆಗೆ ಭುಜ ಒತ್ತುತ್ತಾ ಇದ್ದವನು ಇದ್ದಕ್ಕಿದ್ದಂತೆ ಗಲ್ಲಕ್ಕೊಂದು ಕೈ, ತಲೆಗೊಂದು ಕೈ ಹಾಕಿದ. ಕತ್ತಿನ ನೆಟಿಕೆ ತೆಗೆಯೋಕೆ. ಅವನ ಕೈ ಹಿಡಿದು ನಿಲ್ಲಿಸಿದೆ. ಇದು ಸಣ್ಣ ಅಂಗಡಿಗಳಲ್ಲೂ ಇದೆ, ಎಲ್ಲಿದ್ದರೂ ಬೇಡ ಅನ್ನಿ. ಕತ್ತಿನ ಎಲುಬುಗಳ ನಡುವೆಯೇ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಜೋರಾಗಿ ತಿರುಗಿಸಿದಾಗ ಒಳಪದರ ಹರಿದರೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಅಪರೂಪ, ನಿಜ. ಆದರೆ ಒಂದು ಲಟಕ್ ಶಬ್ದಕ್ಕಾಗಿ ಆ ಅಪಾಯ ಯಾಕೆ?

ಬಿಲ್ ನೋಡಿ: ಹೆಡ್ ಶೇವ್ 499, ಹೈಜೀನ್ ಕಿಟ್ 99, ಸ್ಕ್ರಬ್ 350, ಸೀರಂ 299. ಹೈಜೀನ್ ಕಿಟ್ ಅಂದರೆ ಏನು ಗೊತ್ತಾ? ನಾನು ಜಗಳ ಮಾಡಿ ಹಾಕಿಸಿಕೊಂಡ ಆ ಹೊಸ ಬ್ಲೇಡ್. ಇದರ ಮೇಲೆ ಶೇಕಡಾ 18 ಟ್ಯಾಕ್ಸ್ ಸೇರಿಸಿ 1,471 ರೂಪಾಯಿ. ಸಲೂನ್‌ಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ. ಕೇಳಿದರೆ ಕೌಂಟರ್‌ನವರು "ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ ಸರ್" ಅಂದರು. ಬಿಲ್ ಮೇಲೆ ಜಿಎಸ್‌ಟಿ ನಂಬರೇ ಇರಲಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ. ಬಿಲ್ ಇಟ್ಟುಕೊಂಡಿದ್ದೇನೆ, 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ನೀವೂ ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡದಿರುವುದೇ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ತಪ್ಪು.

ರಾತ್ರಿ ದಿಂಬಿಗೆ ತಲೆ ಇಡೋಕೆ ಆಗಲಿಲ್ಲ. ಮದುವೆಗೆ ಹೆಲ್ಮೆಟ್ ಹಾಕಿಕೊಂಡು ಹರಿಹರಕ್ಕೆ ಹೋಗಿ ಬರುವಷ್ಟರಲ್ಲಿ ಹಿಂತಲೆ ತುಂಬ ಕೆಂಪು ಗುಳ್ಳೆ. ಆಮೇಲೆ ಅವು ಕೀವು ಕಟ್ಟಿಕೊಂಡವು. ಚರ್ಮದ ಡಾಕ್ಟರ್ ಭೂತಗನ್ನಡಿ ಹಿಡಿದು ನೋಡಿ ವಿವರಿಸಿದರು. ಉಲ್ಟಾ ಎಳೆದಾಗ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿ ಹೋಗುತ್ತದೆ. ಮತ್ತೆ ಬೆಳೆಯುವಾಗ ಕೆಲವು ಹೊರಗೆ ಬರದೆ ಒಳಗೇ ಬಾಗುತ್ತವೆ. ಸ್ಕ್ರಬ್ ಉಜ್ಜಿ ತೆರೆದಿಟ್ಟ ಚರ್ಮಕ್ಕೆ ಬ್ಯಾಕ್ಟೀರಿಯಾ ಸೇರಿಕೊಂಡು ಕೂದಲಿನ ಬುಡ ಊದಿಕೊಳ್ಳುತ್ತದೆ. ಹೆಲ್ಮೆಟ್ ಒಳಗಿನ ಬೆವರು ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಮಾತ್ರೆ, ಮುಲಾಮು ಕೊಟ್ಟರು. ಹೆಲ್ಮೆಟ್ ಬಿಡುವ ಹಾಗಿಲ್ಲ, ಒಳಗೆ ದಿನಾ ಒಗೆದ ಹತ್ತಿ ಬಟ್ಟೆ ಕಟ್ಟಿಕೊಳ್ಳಿ ಅಂದರು. ಪೂರ್ತಿ ಮಾಗುವ ತನಕ ಬ್ಲೇಡ್ ಮುಟ್ಟಿಸಬೇಡಿ ಅಂತಲೂ ಹೇಳಿದರು.

ನಮ್ಮ ನಿಟ್ಟುವಳ್ಳಿ ಅಂಗಡಿಯವರು ನನ್ನ ತಲೆ ನೋಡಿದವರೇ, "ಯಾರ್ ಮಾಡಿದ್ರಣ್ಣಾ ಇದನ್ನ? ಸುಳಿ ಹತ್ರ ಉಲ್ಟಾ ಎಳೆದಾರೆ ನೋಡ್ರಿ" ಅಂದರು. ಡಾಕ್ಟರ್ ಹೇಳಿದ್ದನ್ನೇ ಅವರು ಒಂದೇ ನೋಟಕ್ಕೆ ಹೇಳಿದರು. ದುಡ್ಡು ಕೊಡುತ್ತೇನೆ ಅಂದರೂ ಗುಳ್ಳೆ ಇಳಿಯುವ ತನಕ ಕತ್ತಿ ಹಿಡಿಯಲಿಲ್ಲ. ಅವರ ಹತ್ತಿರ ಎ.ಸಿ. ಇಲ್ಲ, ಫ್ಯಾನ್ ಇದೆ. ಬ್ಲೇಡನ್ನು ಕಾಗದ ಸಮೇತ ನಮ್ಮೆದುರೇ ಎರಡು ತುಂಡು ಮಾಡಿ ಅರ್ಧ ಹಾಕುತ್ತಾರೆ. ಎಡಗೈ ಬೆರಳು ಮುಂದೆ, ಕತ್ತಿ ಹಿಂದೆ. ಕೊನೆಗೆ ತಣ್ಣೀರು, ಪಟಿಕ, ಸ್ವಲ್ಪ ಕೊಬ್ಬರಿ ಎಣ್ಣೆ. 150 ರೂಪಾಯಿ.

ಸಣ್ಣ ಅಂಗಡಿ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯವು ಅಂತಲ್ಲ. ಒಂದೇ ಟವೆಲ್, ಒಂದೇ ಬ್ರಷ್, ಎಲ್ಲರಿಗೂ ಅದೇ ಪಟಿಕದ ಕಲ್ಲು ಇರುವ ಅಂಗಡಿಗಳೂ ಇವೆ. ನಾನಂತೂ ಟವೆಲ್ ಮನೆಯಿಂದಲೇ ಒಯ್ಯುತ್ತೇನೆ, ನಮ್ಮವರು ಬೇಜಾರು ಮಾಡಿಕೊಂಡಿಲ್ಲ. ನನ್ನ ಮಾತು ಇಷ್ಟೇ: ಬೋಳು ತಲೆಗೆ ಬೇಕಾದ್ದು ಪಳಗಿದ ಕೈ, ಕಣ್ಣೆದುರು ತೆಗೆದ ಬ್ಲೇಡ್, ಅವಸರ ಇಲ್ಲದ ಕೆಲಸ. ಆ ಮೂರಕ್ಕೂ ಲಕ್ಷುರಿ ಸಲೂನ್‌ನವರು ರೇಟ್ ಹಾಕುತ್ತಿಲ್ಲ, ಕುರ್ಚಿಗೆ, ವಾಸನೆಗೆ, ಬಾಟಲಿಗೆ ಹಾಕುತ್ತಿದ್ದಾರೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎಷ್ಟು ದುಡ್ಡು ಕೊಟ್ಟು ಬೋಳಿಸಿದರೂ ಎರಡು ದಿನಕ್ಕೆ ಕೈಗೆ ಚುಚ್ಚೋಕೆ ಶುರು. ಆರಾಮಾಗಿ ಕೂರಬೇಕು ಅನ್ನಿಸಿದರೆ ಟ್ರಿಮ್ಮರ್‌ನಲ್ಲಿ ಜೀರೋ ಮಾಡಿಸಿ ಎದ್ದು ಬನ್ನಿ.

ಇನ್ನು ಮಕ್ಕಳ ವಿಷಯ. ನನ್ನ ತಂಗಿ ತನ್ನ ಮಗುವಿನ ಜವಳಕ್ಕೆ ಇಂಥದ್ದೇ ಸಲೂನ್‌ನಲ್ಲಿ ಬಲೂನು, ಫೋಟೊ ಎಲ್ಲ ಸೇರಿದ ಪ್ಯಾಕೇಜ್ ವಿಚಾರಿಸಿದ್ದಳು. ನನ್ನ ಹಿಂತಲೆ ತೋರಿಸಿ ಬಿಡಿಸಿದೆ. ಮಗುವಿನ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ತನಕ ಪೂರ್ತಿ ಕೂಡಿರುವುದಿಲ್ಲ, ಮೆತ್ತಗೇ ಇರುತ್ತದೆ. ಅಳುವ ಮಗು ತಲೆ ಅಲ್ಲಾಡಿಸುತ್ತದೆ, ಎದುರಿಗೆ ಕ್ಯಾಮೆರಾ, ಕೈಯಲ್ಲಿ ಬ್ಲೇಡ್. ನೆನೆಸಿಕೊಂಡರೇ ಎದೆ ಝಲ್ ಅನ್ನುತ್ತದೆ. ನಿಟ್ಟುವಳ್ಳಿಯವರು ಮನೆಗೇ ಬಂದು ಮಾಡಿಕೊಡಲು ಒಪ್ಪಿದ್ದಾರೆ. ಶಾಸ್ತ್ರಕ್ಕೆ ಕತ್ತರಿಯಲ್ಲಿ ಒಂದು ಎಳೆ, ಉಳಿದದ್ದು ತೊಳೆದು ಒರೆಸಿದ ಟ್ರಿಮ್ಮರ್‌ನಲ್ಲಿ. ಮಗು ಹೊಟ್ಟೆ ತುಂಬಿ ಮಲಗಿರುವ ಹೊತ್ತು ನೋಡಿ ಫೋನ್ ಮಾಡಿ, ಬರುತ್ತೇನೆ ಅಂದಿದ್ದಾರೆ.