ಎಣ್ಣೆ ಬಾವಿ ಷೇರಿಗೆ ಬಿದ್ದು ನಾನು ಕೆಟ್ಟೆ, ನೀವು ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. ನನ್ನ 3 ಲಕ್ಷದ 66 ಸಾವಿರ ರೂಪಾಯಿ ಹೋಯಿತು. ಬರೆಯೋಕೆ ನಾಚಿಕೆ ಆಗುತ್ತಿದೆ. ಹಿಂದೆ ಎರಡು ಸಲ ಬರೆದು ಅಳಿಸಿದ್ದೆ. ಆದರೆ ಇವತ್ತು ಮಧ್ಯಾಹ್ನ ಅಂಗಡಿಗೆ ಬಂದ ಹುಡುಗನೊಬ್ಬ ಪೈಪ್ ರೇಟು ಕೇಳುತ್ತಾ, "ಅಣ್ಣ, ಒಂದು ಎಣ್ಣೆ ಕಂಪನಿ ಷೇರು ಎರಡು ರೂಪಾಯಿಗೆ ಸಿಗ್ತೈತಂತೆ. ಒಂದು ಹತ್ತು ಸಾವಿರ ಹಾಕಿ ಮರೆತುಬಿಟ್ರೆ ಹೆಂಗೆ?" ಅಂದ. ಯಾವ ಕಂಪನಿ ಅಂತ ಕೇಳಿದೆ. ಅದೇ ಕಂಪನಿ! ಅದಕ್ಕೇ ಊಟ ಬಿಟ್ಟು ಕೂತು ಬರೆಯುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ವಿಷಯ ಕಂಪನಿಗಳ ದಿವಾಳಿ ಕೇಸು ನೋಡುವ ಟ್ರಿಬ್ಯೂನಲ್‌ನಲ್ಲಿದೆ. ವಕೀಲರಿಗೆ ಕೊಡೋಕೆ ನನ್ನ ಹತ್ತಿರ ಇನ್ನು ದುಡ್ಡಿಲ್ಲ. ಗುಜರಾತ್ ಕಡೆ ಒಂದೆರಡು ಬ್ಲಾಕ್ (ಎಣ್ಣೆ ಹುಡುಕೋಕೆ ಸರ್ಕಾರ ಬಿಟ್ಟುಕೊಡುವ ಜಾಗ) ಇಟ್ಟುಕೊಂಡು, ನೆಲದಡಿ ಎಣ್ಣೆ ಹುಡುಕುತ್ತೇವೆ ಎನ್ನುತ್ತಿದ್ದ ಸಣ್ಣ ಕಂಪನಿ ಅಂದುಕೊಳ್ಳಿ, ಸಾಕು.

ನಾನು ಚಳ್ಳಕೆರೆಯವನು. ಬೋರ್‌ವೆಲ್ ಮೋಟಾರು, ಪೈಪು, ಕೇಬಲ್ಲು ಮಾರುವ ಅಂಗಡಿ ನನ್ನದು. ನಮ್ಮೂರಿಗೆ ಎಣ್ಣೆ ಹೊಸದಲ್ಲ, ಶೇಂಗಾ ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರು. ನೆಲ ಕೊರೆಯುವುದೂ ಹೊಸದಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುವವರನ್ನು ಕಂಡಿದ್ದೇನೆ. 800 ಅಡಿ ಇಳಿಸಿ, ಬರೀ ಧೂಳು ಬಂದು, ತಲೆ ಮೇಲೆ ಕೈ ಹೊತ್ತು ಕೂತ ರೈತರನ್ನೂ ಕಂಡಿದ್ದೇನೆ. ಅಂಥವನು ನಾನು ಮೋಸ ಹೋದೆ. ಸಿಟ್ಟು ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

2021ರ ಸೆಪ್ಟೆಂಬರ್‌ನಲ್ಲಿ ದಾವಣಗೆರೆಯ ಪರಿಚಯದವರೊಬ್ಬರು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಎಲ್ಲರೂ ಅದೇ ಕಂಪನಿಯ ಷೇರು ಇಟ್ಟುಕೊಂಡ ಸಣ್ಣಪುಟ್ಟ ಜನ. ಮೇಷ್ಟ್ರುಗಳು, ರಿಟೈರಾದ ಬ್ಯಾಂಕಿನವರು, ನನ್ನಂಥ ಅಂಗಡಿಯವರು. ಅಡ್ಮಿನ್ ಒಬ್ಬರಿದ್ದರು, ಎಲ್ಲರೂ ‘ಗುರುಗಳೇ’ ಅನ್ನುತ್ತಿದ್ದರು. ಎಣ್ಣೆ ಬಾವಿಗಳಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು ಅಂತ ಅವರೇ ಹೇಳಿಕೊಂಡಿದ್ದರು. ಯಾರೂ ಕೇಳಿ ನೋಡಿರಲಿಲ್ಲ.

ಗುರುಗಳ ಮೊದಲ ಪಾಠ ಯಾವಾಗಲೂ ಒಂದೇ. 2020ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ ಮೈನಸ್ 37 ಡಾಲರ್‌ಗೆ ಬಿದ್ದಿತ್ತು, ಅಂದರೆ ಮಾರುವವನೇ ಕೈಯಿಂದ ದುಡ್ಡು ಕೊಡಬೇಕಾದ ಸ್ಥಿತಿ. ಸರಕುಗಳ ವಾಯಿದೆ ವ್ಯಾಪಾರ ನಡೆಯುವ ನಮ್ಮ ಎಂಸಿಎಕ್ಸ್ ಪೇಟೆಯಲ್ಲೂ ತೈಲದ ಆ ತಿಂಗಳ ಕಾಂಟ್ರಾಕ್ಟ್ ಮೈನಸ್ 2,884 ರೂಪಾಯಿಗೆ ಮುಗಿಯಿತು. ಅಲ್ಲಿಂದ ಈಗ 70 ಡಾಲರ್ ದಾಟಿದೆ, ಇನ್ನೂ ಏರುತ್ತೆ, ಆದರೆ ನಮ್ಮ ಷೇರು ಮಾತ್ರ ಇನ್ನೂ ಮಲಗಿದೆ, ನೋಡ್ತಾ ಇರಿ ಅನ್ನುತ್ತಿದ್ದರು. ಎರಡನೇ ಪಾಠ ರಾಜಸ್ಥಾನದ್ದು. ಬಾಡಮೇರ್ ಬ್ಲಾಕಿನಲ್ಲಿ ಶೆಲ್‌ನಂಥ ದೊಡ್ಡ ಕಂಪನಿ ಕೈ ತೊಳೆದುಕೊಂಡು ಹೋಯಿತು, ಪಟ್ಟು ಬಿಡದ ಕೇರ್ನ್ ಎಂಬ ಕಂಪನಿಗೆ 2004ರಲ್ಲಿ ಮಂಗಳಾ ಎಂಬ ದೊಡ್ಡ ನಿಕ್ಷೇಪ ಸಿಕ್ಕಿತು. ಕಥೆ ನಿಜವೇ. ‘ನಮಗೂ ಒಂದು ಮಂಗಳಾ ಸಿಗುತ್ತೆ’ ಎನ್ನುವುದು ಗುಂಪಿನ ಮಂತ್ರವಾಗಿತ್ತು. ಸಿಕ್ಕಿತು ಬಿಡಿ. ನಮ್ಮ ದುಡ್ಡಿಗೆ ಮಂಗಳ ಹಾಡಿದರು.

31 ರೂಪಾಯಿಗೆ 4,000 ಷೇರು ತಗೊಂಡೆ. ಮನೆಯಲ್ಲಿ ಹೇಳಲಿಲ್ಲ. ಷಡ್ಡಕರಿಗೆ ಹೇಳಿದೆ, ಅವರ ಕೈಯಲ್ಲೂ ತಗೊಳ್ಳಿಸಿದೆ. ಈ ಮಾತು ಆಮೇಲೆ ಬರುತ್ತದೆ.

2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ಬಿಸಿಗೆ ಬ್ರೆಂಟ್ ಎಂಬ ಕಚ್ಚಾ ತೈಲದ ಬೆಲೆ ಒಂದು ದಿನ 139 ಡಾಲರ್ ಮುಟ್ಟಿತು. ಗುಂಪಿನಲ್ಲಿ ಹಬ್ಬ. ನಾನು 44ಕ್ಕೆ ಇನ್ನೂ 3,000 ಸೇರಿಸಿದೆ. ಎಣ್ಣೆ ಬೆಲೆ ಏರಿದರೆ ಲಾಭ ಯಾರಿಗೆ? ಎಣ್ಣೆ ತೆಗೆದು ಮಾರುವವರಿಗೆ. ನಮ್ಮ ಕಂಪನಿ ತೆಗೆಯುತ್ತಿದ್ದದ್ದು ಲೆಕ್ಕಕ್ಕೇ ಬಾರದಷ್ಟು. ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶದ ಹಾಳೆಯಲ್ಲೇ ಅದು ಇತ್ತು. ನಾನು ಆ ಹಾಳೆ ತೆರೆಯಲೇ ಇಲ್ಲ. ಗುರುಗಳು ಓದಿರುತ್ತಾರಲ್ವಾ!

ಆಮೇಲೆ ಶುರುವಾಯಿತು ಬೀಳೋದು. ದಿನಾ ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಎಷ್ಟು ಬೀಳೋಕೆ ಬಿಡುತ್ತಾರೋ ಅಷ್ಟೂ ಬೀಳೋದು. ಬೆಳಿಗ್ಗೆ 9.15ಕ್ಕೆ ನೋಡಿದರೆ ಮಾರುವವರ ಸಾಲಿನಲ್ಲಿ ಲಕ್ಷಗಟ್ಟಲೆ ಷೇರು, ಕೊಳ್ಳುವವರ ಕಡೆ ಸೊನ್ನೆ. ಬಾಗಿಲಿಗೆ ಬೀಗ ಹಾಕಿ ಮನೆಗೆ ಬೆಂಕಿ ಇಟ್ಟ ಹಾಗೆ. ಗುಂಪಿನಲ್ಲಿ ಮಾತ್ರ ಭವಿಷ್ಯ ನುಡಿಯುವವರಿಗೆ ಬರವಿಲ್ಲ. ದೊಡ್ಡ ಸರ್ಕಾರಿ ಕಂಪನಿಯೊಂದು ಕೊಂಡುಕೊಳ್ಳುತ್ತಂತೆ. ದುಬೈನಿಂದ ದುಡ್ಡು ಬರುತ್ತಂತೆ. ಬೇಕಂತಲೇ ಬೀಳಿಸ್ತಿದ್ದಾರಂತೆ, ನಮ್ಮಂಥವರ ಕೈಯಿಂದ ಕಿತ್ತುಕೊಳ್ಳೋಕೆ. ಈ ಕೊನೆಯದು ಎಲ್ಲರಿಗೂ ತುಂಬಾ ಹಿಡಿಸಿತ್ತು. ಬೀಳೋದೇ ಒಳ್ಳೇ ಸುದ್ದಿ ಅಂದಮೇಲೆ ಕೆಟ್ಟ ಸುದ್ದಿ ಯಾವುದು?

ಈಗ ಆ ಫೋಟೊ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯೋಕೆ ಕೈ ಹಿಂಜರಿಯುತ್ತಿದೆ.

2022ರ ಆಗಸ್ಟ್. ‘ರಿಗ್ ಬಂತು!!!’ ಅಂತ ಗುರುಗಳು ಒಂದು ಫೋಟೊ ಹಾಕಿದರು. ರಿಗ್ ಅಂದರೆ ಬಾವಿ ಕೊರೆಯುವ ಯಂತ್ರ. ಜಾಲಿ ಗಿಡಗಳ ನಡುವೆ ಒಂದು ಲಾರಿ, ಅದರ ಮೇಲೆ ಎತ್ತಿ ನಿಲ್ಲಿಸಿದ ಮಾಸ್ಟ್, ಕೊರೆಯೋಕೆ ಬಳಸುವ ಎತ್ತರದ ಕಂಬ. ಕೈ ಮುಗಿಯುವ ಗುರುತು, ಪಟಾಕಿ ಗುರುತು, ಎಲ್ಲಾ ಸುರಿಮಳೆ. ನಾನು ಫೋಟೊ ದೊಡ್ಡದು ಮಾಡಿ ನೋಡಿದೆ. ಸ್ವಾಮಿ, ಅದು ನೀರಿನ ಬೋರ್‌ವೆಲ್ ಲಾರಿ. ತಿರುಚೆಂಗೋಡಿನ ಕಡೆಯಿಂದ ನಮ್ಮೂರಿಗೆ ಬರುತ್ತವಲ್ಲ, ಅದೇ ಜಾತಿ. ಪಕ್ಕದಲ್ಲಿ ಕಂಪ್ರೆಸರ್ ಲಾರಿಯ ಮೂತಿ ಕೂಡ ಕಾಣುತ್ತಿತ್ತು. ನಾನು ದಿನಾ ಆ ಲಾರಿಯವರ ಜೊತೆ ಟೀ ಕುಡಿಯುವವನು. ಸಾವಿರಾರು ಮೀಟರ್ ಆಳದ ಎಣ್ಣೆ ಬಾವಿಯನ್ನು ಅದರಲ್ಲಿ ಕೊರೆಯೋಕೆ ಆಗಲ್ಲ ಅಂತ ನನಗೆ ಗೊತ್ತು. ಆ ಗುಂಪಿನಲ್ಲಿ ಇದು ಗೊತ್ತಿದ್ದವನು ಬಹುಶಃ ನಾನೊಬ್ಬನೇ.

ನಾನೇನು ಮಾಡಿದೆ ಗೊತ್ತಾ? ಸುಮ್ನಿದ್ದೆ. ಸೈಟಿನ ಕೆಲಸಕ್ಕೆ ನೀರು ಬೇಕಲ್ಲ, ಮೊದಲು ನೀರಿನ ಬೋರು ಹಾಕಿಸ್ತಿದ್ದಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾರನೇ ದಿನ 22 ರೂಪಾಯಿಗೆ 5,000 ಷೇರು ತಗೊಂಡೆ. ಆವರೇಜ್ ಮಾಡಿದೆ, ಅಂದರೆ ಕಡಿಮೆ ಬೆಲೆಗೆ ಇನ್ನಷ್ಟು ಕೊಂಡು ಸರಾಸರಿ ಇಳಿಸಿದೆ ಅಂತ ಹೆಮ್ಮೆ ಬೇರೆ. ಕಣ್ಣಾರೆ ಸುಳ್ಳು ಕಂಡು 1 ಲಕ್ಷದ 10 ಸಾವಿರ ಹಾಕಿದ ಮೂರ್ಖ ನಾನು.

ಸೆಪ್ಟೆಂಬರ್ ಕೊನೆಗೆ ಕಂಪನಿಯ ವಾರ್ಷಿಕ ಸಭೆ, ವಿಡಿಯೊದಲ್ಲಿ. ಮಾತಾಡೋಕೆ ಮೊದಲೇ ಹೆಸರು ಕೊಟ್ಟಿದ್ದೆ. ಇಸ್ತ್ರಿ ಶರ್ಟ್ ಹಾಕಿಕೊಂಡು, ಅಂಗಡಿ ಶಟರ್ ಅರ್ಧ ಇಳಿಸಿ ಕೂತೆ. ನನಗಿಂತ ಮುಂಚೆ ಮಾತಾಡಿದವರೆಲ್ಲಾ ಅಧ್ಯಕ್ಷರಿಗೆ ಹಬ್ಬದ ಶುಭಾಶಯ ಹೇಳಿ, ವಾರ್ಷಿಕ ವರದಿಯ ಬಣ್ಣ ಚೆನ್ನಾಗಿದೆ ಅಂತ ಹೊಗಳಿ ಹೋದರು. ನನ್ನ ಸರದಿ. ನನ್ನ ಅರೆಬರೆ ಹಿಂದಿಯಲ್ಲಿ ಮೂರೇ ಪ್ರಶ್ನೆ ಕೇಳಿದೆ. ಬಾವಿ ಕೊರೆಯೋದು ಎಲ್ಲಿಗೆ ಬಂತು? ಸಾಲ ಎಷ್ಟಿದೆ? ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸುವವರು, ಸಾಲಕ್ಕೆ ಎಷ್ಟು ಷೇರು ಅಡವಿಟ್ಟಿದ್ದಾರೆ?

ಉತ್ತರ: "ನಿಮ್ಮ ಕಾಳಜಿಗೆ ಧನ್ಯವಾದ. ರಿಗ್ ಒಪ್ಪಂದ ಅಂತಿಮ ಹಂತದಲ್ಲಿದೆ. ಉಳಿದ ವಿವರಕ್ಕೆ ಮೇಲ್ ಮಾಡಿ."

ಅಂತಿಮ ಹಂತದಲ್ಲಿದೆ! ಅಂದರೆ ರಿಗ್ಗೇ ಬಂದಿಲ್ಲ. ಮತ್ತೆ ಆಗಸ್ಟ್‌ನ ಫೋಟೊ? ಗುಂಪಿನಲ್ಲಿ ಕೇಳಿದೆ. "ಅದು ಬೇರೆ ರಿಗ್ ಸರ್" ಅಂದರು ಗುರುಗಳು. ಅಷ್ಟೇ. ಬೇರೆ ಯಾರೂ ಒಂದು ಮಾತಾಡಲಿಲ್ಲ.

ಕಂಪನಿಗೆ ಮೇಲ್ ಹಾಕಿದೆ. ಎಲ್ಲಾ ಮಾಹಿತಿಯನ್ನೂ ಕಾಲಕಾಲಕ್ಕೆ ಷೇರುಪೇಟೆಗೆ ತಿಳಿಸುತ್ತಿದ್ದೇವೆ ಅಂತ ಉತ್ತರ. ಇನ್ನೊಂದು ಹಾಕಿದೆ. ಅದೇ ಉತ್ತರ, ಅಕ್ಷರ ಕೂಡ ಬದಲಾಗಿಲ್ಲ. ಮೂರನೆಯದಕ್ಕೆ ನನ್ನ ಹೆಸರನ್ನು ತಪ್ಪಾಗಿ ಬರೆದು ಮತ್ತೆ ಅದನ್ನೇ ಕಳಿಸಿದರು. ಕೊನೆಗೆ ಷೇರುಪೇಟೆ ವೆಬ್‌ಸೈಟಿಗೆ ನಾನೇ ಹೋಗಿ ನೋಡಿದೆ. ಅಡವಿನ ಲೆಕ್ಕ ಅಲ್ಲೇ ಇತ್ತು, ಪ್ರವರ್ತಕರ ಷೇರು ಬಹುಪಾಲು ಸಾಲ ಕೊಟ್ಟವರ ಕೈಯಲ್ಲಿ. ಆಡಿಟರ್ ಕೂಡ, ಈ ಕಂಪನಿ ಮುಂದೆ ನಡೆಯುತ್ತದೋ ಇಲ್ಲವೋ ಅನುಮಾನ ಅಂತ ಬರೆದಿದ್ದರು. ಎರಡು ವರ್ಷದಿಂದ ಬರೆಯುತ್ತಿದ್ದರು. ಇನ್ನೊಂದು ನೋಡಿ. ಕಂಪನಿ ಹೇಳಿಕೊಳ್ಳುತ್ತಿದ್ದ ದೊಡ್ಡ ಬ್ಯಾರೆಲ್ ಲೆಕ್ಕ, ನೆಲದಡಿ ಇರಬಹುದಾದ ಒಟ್ಟು ಎಣ್ಣೆಯದ್ದು. ಮೇಲೆತ್ತಿ ಮಾರಬಹುದಾದದ್ದು ಅದರಲ್ಲಿ ಸ್ವಲ್ಪ ಭಾಗ ಮಾತ್ರ. ಅದೂ ‘ಇರಬಹುದು’.

ಹೀಗೆ ಮೊದಲ ಲೆಕ್ಕ ಕರಗುವುದು ಹೊಸದೇನಲ್ಲವಂತೆ. ಕೃಷ್ಣಾ ಗೋದಾವರಿ ಕಡಲಲ್ಲಿ ಗುಜರಾತ್ ಸರ್ಕಾರದ ಕಂಪನಿಯ ಬ್ಲಾಕಿನಲ್ಲಿ 20 ಟ್ರಿಲಿಯನ್ ಘನ ಅಡಿ ಅನಿಲ ಇದೆ ಅಂತ 2005ರಲ್ಲಿ ಘೋಷಿಸಿದ್ದರು. ಆಮೇಲೆ ಆ ಅಂಕಿ ಎಷ್ಟೋ ಕೆಳಗೆ ಬಂತು. 2017ರಲ್ಲಿ ಆ ಪಾಲನ್ನು ಕೇಂದ್ರ ಸರ್ಕಾರದ ಎಣ್ಣೆ ಕಂಪನಿ ಒಎನ್‌ಜಿಸಿಗೆ ಮಾರಿದರು. ಸರ್ಕಾರಿ ಕಂಪನಿಯ ಕಥೆಯೇ ಹಾಗಾದರೆ ನಮ್ಮದು ಯಾವ ಲೆಕ್ಕ?

ಇಷ್ಟು ಗೊತ್ತಾದ ಮೇಲಾದರೂ ಮಾರಿದೆನಾ? ಇಲ್ಲ. ಗುರುಗಳು ಇಟ್ಟುಕೊಂಡಿದ್ದಾರಲ್ಲ!

2023ರ ಜನವರಿ. ಹಾಸನದ ಮೇಡಂ ಒಬ್ಬರು, ತಮ್ಮ ಷೇರುಗಳ ಪಟ್ಟಿ ಮೊಬೈಲಲ್ಲಿ ಎಲ್ಲಿ ಕಾಣುತ್ತೆ ಅಂತ ಗುಂಪಿನಲ್ಲಿ ಕೇಳಿದರು. ಗುರುಗಳು ತಮ್ಮದೇ ಮೊಬೈಲಿನ ಸ್ಕ್ರೀನ್‌ಶಾಟ್ ಹಾಕಿ, ಇಲ್ಲಿ ಒತ್ತಿ ಅಂತ ಬಾಣ ಬರೆದರು. ರೂಪಾಯಿ ಲೆಕ್ಕಕ್ಕೆ ಕಪ್ಪು ಬಳಿದಿದ್ದರು. ಕಂಪನಿ ಹೆಸರುಗಳು ಮಾತ್ರ ಹಾಗೇ ಇದ್ದವು. ಹನ್ನೊಂದು ಹೆಸರು, ಅಕ್ಷರದ ಕ್ರಮದಲ್ಲಿ. ನಮ್ಮ ಕಂಪನಿ ಅದರಲ್ಲಿ ಇಲ್ಲ. ಮೇಲಿಂದ ಕೆಳಗೆ ನೋಡಿದೆ. ಕೆಳಗಿಂದ ಮೇಲೆ ನೋಡಿದೆ. ಇಲ್ಲ. ಗಿರಾಕಿ ಒಬ್ಬ ಎದುರು ನಿಂತು ಚಿಲ್ಲರೆ ಕೇಳುತ್ತಿದ್ದ, ನನಗೆ ಕೇಳಿಸಲೇ ಇಲ್ಲ. ಎರಡೇ ನಿಮಿಷದಲ್ಲಿ ಆ ಮೆಸೇಜು ಡಿಲೀಟ್ ಆಯಿತು.

ಅವರಿಗೇ ಬೇರೆಯಾಗಿ ಮೆಸೇಜ್ ಹಾಕಿದೆ. "ಸರ್, ನಿಮ್ಮ ಹತ್ತಿರ ಷೇರು ಇಲ್ವಾ?"

"ಮನೆಯವರ ಅಕೌಂಟಲ್ಲಿದೆ."

"ಅದರದ್ದೂ ಒಂದು ಫೋಟೊ ಹಾಕಿ ಸರ್, ನಮಗೂ ಧೈರ್ಯ."

"ನಂಬಿಕೆ ಇಲ್ಲದವರ ಜೊತೆ ನನಗೆ ಮಾತಿಲ್ಲ. ನಾನು ಯಾವತ್ತಾದ್ರೂ ನಿಮಗೆ ಕೊಳ್ಳಿ ಅಂತ ಹೇಳಿದ್ನಾ? ಹಳೇ ಮೆಸೇಜ್ ತೆಗೆದು ನೋಡಿ."

ಅಷ್ಟರಲ್ಲಿ ನನ್ನನ್ನು ಗುಂಪಿನಿಂದ ತೆಗೆದಾಗಿತ್ತು. ಆ ರಾತ್ರಿ ಒಂದು ಗಂಟೆಯವರೆಗೂ ಹಳೇ ಮೆಸೇಜು ಓದಿದೆ. ಹೌದು ರೀ! ‘ಕೊಳ್ಳಿ’ ಅನ್ನೋ ಪದ ಎಲ್ಲೂ ಇಲ್ಲ. ‘ನಾನು ಇವತ್ತೂ ಸ್ವಲ್ಪ ಸೇರಿಸಿದೆ’, ‘ತಾಳ್ಮೆ ಇದ್ದವರಿಗೆ ಮಾತ್ರ’, ‘ಭಯ ಇರೋರು ಹೊರಡಬಹುದು’. ಬರೀ ಇವೇ. ನಾವೇ ಓಡಿ ಹೋಗಿ ಬಿದ್ದಿದ್ದು.

2024ರಲ್ಲಿ ಸಾಲ ಕೊಟ್ಟವರು ದಿವಾಳಿ ಅರ್ಜಿ ಹಾಕಿದರು. ಟ್ರಿಬ್ಯೂನಲ್ ಒಪ್ಪಿತು. ಈಗ ವಾರಕ್ಕೆ ಒಂದೇ ದಿನ ವ್ಯವಹಾರ, ಬೆಲೆ 2 ರೂಪಾಯಿ 15 ಪೈಸೆ. ನನ್ನ 12,000 ಷೇರಿಗೆ 25,800 ರೂಪಾಯಿ, ಅದೂ ಕೊಳ್ಳುವವರು ಸಿಕ್ಕಿದರೆ.

ಷಡ್ಡಕರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊನ್ನೆ ಗೃಹಪ್ರವೇಶದಲ್ಲಿ ಯಾರಿಗೋ ನನ್ನನ್ನು ತೋರಿಸಿ, "ಇವರು ನಮ್ಮ ಎಣ್ಣೆ ಸಾಹುಕಾರರು" ಅಂದರು. ನನ್ನ ಹೆಂಡತಿ ಅದಕ್ಕಿಂತ ಒಂದು ಕೈ ಮೇಲೆ. "ಎಣ್ಣೆ ಕುಡಿದು ಮನೆ ಹಾಳು ಮಾಡೋರನ್ನ ನೋಡಿದ್ದೆ, ನೀವು ಕುಡಿಯದೇ ಮಾಡಿದ್ರಿ" ಅಂದಳು.

ಇನ್ನು ಆ ಹುಡುಗ ಕೇಳಿದ ಪ್ರಶ್ನೆ. ಎರಡು ರೂಪಾಯಿ ಷೇರು ಇನ್ನೆಷ್ಟು ಬೀಳುತ್ತೆ? ಸೊನ್ನೆಗೆ ಬೀಳುತ್ತಪ್ಪಾ. ದಿವಾಳಿ ಕಾನೂನಿನ ಸಾಲಿನಲ್ಲಿ ಷೇರುದಾರರು ಕಟ್ಟಕಡೆಯವರು. ಬ್ಯಾಂಕು, ನೌಕರರು, ಸರ್ಕಾರ ಎಲ್ಲರೂ ಉಂಡು ಎದ್ದ ಮೇಲೆ ಎಲೆಯಲ್ಲಿ ಏನಾದರೂ ಉಳಿದರೆ ನಮಗೆ. 2021ರಲ್ಲಿ ಮನೆ ಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್ ಕಂಪನಿ ದಿವಾಳಿಯಾಗಿ ಕೈ ಬದಲಾದಾಗ ಹಳೇ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. ‘ಹೊಸ ಮಾಲೀಕರು ಬಂದರೆ ಷೇರು ಹತ್ತು ಪಟ್ಟು’ ಅನ್ನೋರಿಗೆ ಇದನ್ನು ತೋರಿಸಿ. ಮತ್ತೆ ಎಂಆರ್‌ಪಿಎಲ್ ಥರ ಎಣ್ಣೆ ಶುದ್ಧ ಮಾಡುವ ಕಂಪನಿಯೇ ಬೇರೆ, ನೆಲ ಕೊರೆದು ಹುಡುಕುವ ಕಂಪನಿಯೇ ಬೇರೆ. ನಮ್ಮ ಕಡೆ ತುಂಬಾ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಕೊಳ್ಳಲೇಬೇಕು ಅಂದರೆ ಅಡವಿಟ್ಟ ಷೇರಿನ ಲೆಕ್ಕ ನೋಡಿ, ಆಡಿಟರ್ ಮಾತು ಓದಿ. ಗುಂಪಿನಲ್ಲಿ ‘ಗುರುಗಳು’ ಅಂತ ಯಾರಾದರೂ ಇದ್ದರೆ ಅವತ್ತೇ ಹೊರಗೆ ಬನ್ನಿ.

ವಾರಕ್ಕೊಮ್ಮೆ ನನ್ನ 12,000 ಷೇರು ಮಾರಾಟಕ್ಕೆ ಇಡುತ್ತೇನೆ. ಇಷ್ಟು ದಿನ ಒಂದೂ ಹೋಗಿಲ್ಲ. ನೀನು ಕೊಂಡರೆ ನಿನಗೆ ಮಾರುವವನು ನಾನೇ ಆಗಿರಬಹುದು ಕಣಪ್ಪಾ ಅಂತ ಆ ಹುಡುಗನಿಗೆ ಹೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. "ಹಂಗಾದ್ರೆ ಬ್ಯಾಡ ಬಿಡಣ್ಣ. ಒಂದೂವರೆ ಇಂಚಿನ ಪೈಪು ಎಷ್ಟಂದ್ರಿ?" ಅಂದ.